ಭಾನುವಾರದ ಸ್ಪ್ರಿಂಗು

ಖಡಕ್ ರೊಟ್ಟಿ ಒಡೆಯಲು ಕೆಳಗೆ ಬೀಳಬೇಕೆಂದೇನೂ ಇಲ್ಲ. ಶಿವಗಂಗಾ ಬಡಿದು, ಸುಟ್ಟು, ಒಲೆಯ ಪಕ್ಕ ನಿಲ್ಲಿಸಿ ಒಣಗಿಸಿದ ಜೋಳದ ರೊಟ್ಟಿ ಹಪ್ಪಳದಷ್ಟು ತೆಳು. ಅದನ್ನು ಬಟ್ಟೆಯಲ್ಲಿ ಕಟ್ಟಿ, ಪ್ಲಾಸ್ಟಿಕ್ ಕ್ರೇಟಿನಲ್ಲಿಟ್ಟು, ಬೈಕಿನ ಹಿಂದೆ ಬಿಗಿದು ಚಂದಾಪುರದಿಂದ ಬೊಮ್ಮನಹಳ್ಳಿಗೆ ಒಯ್ಯುವಷ್ಟರಲ್ಲಿ ನಡುವಿನವು ಸೀಳಿರುತ್ತಿದ್ದವು, ತಳದವು ಚೂರಾಗಿರುತ್ತಿದ್ದವು.

ಬೊಮ್ಮನಹಳ್ಳಿಯಲ್ಲಿ ಖಾನಾವಳಿ ನಡೆಸುವ ಶೇಖವ್ವ ಆ ಬುಧವಾರ ಕ್ರೇಟನ್ನು ಬಿಚ್ಚಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ವಿಜಾಪುರದಿಂದ ರಾತ್ರಿ ಬಸ್ಸಿಗೆ ಬರೂ ರೊಟ್ಟಿ ಇಡೀ ಬರ್ತಾವ. ನಿನ್ನೂ ಚಂದಾಪುರದಿಂದ ಬರೂದ್ರಾಗ ಪುಡಿ ಆಗ್ತಾವ. ಚೂರು ಹಾಕಿದ್ರ ಉಣ್ಣಾಕ ಕುಂತ ಹುಡುಗ್ರು ಏನಂತಾರ ಗೊತ್ತೈತೇನು? 'ಅವ್ವಾ, ಇದು ಯಾರ್ ಉಂಡ್ ಬಿಟ್ಟಿದ್ದು' ಅಂತಾರ."

"ಬಿಗಿಯಾಗೇ ಕಟ್ಟಿದ್ನಿ ಅಕ್ಕಾ."

"ಕಟ್ಟಿದ್ರ ನಾ ಏನ್ ಮಾಡ್ಲಿ? ಸೋಮವಾರದ ತನಕಾ ನೋಡ್ತೀನಿ. ಆಮ್ಯಾಲೆ ಬಸ್ಸಿಂದಽ ತರಸ್ತೀನಿ. ಸಿಟ್ಟಾಗಬ್ಯಾಡ ಮತ್ತ."

ಶಿವಗಂಗಾಳಿಗೆ ಇದ್ದದ್ದು ಶೇಖವ್ವ ಒಬ್ಬಳೇ ಗಿರಾಕಿ. ರೊಟ್ಟಿ ಮಾರುವುದಕ್ಕೆ ಮೊದಲು ಅವಳು ಅಲ್ಲೇ ಹತ್ತಿರದ ಗಾರ್ಮೆಂಟ್ಸಿನಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಶೌಚಕ್ಕೆ ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಿದ್ದ. ರೊಟ್ಟಿ ನಿಂತರೆ ಮತ್ತೆ ಆ ಕಾಲರುಗಳ ಮುಂದೆಯೇ ಕೂರಬೇಕು. ರೊಟ್ಟಿಯಲ್ಲಿ ದುಡಿಮೆ ಹೆಚ್ಚೇ ಇತ್ತು, ಆದರೆ ಗಡಿಯಾರ ಅವಳದಾಗಿತ್ತು.

ಒಡೆದ ರೊಟ್ಟಿಗಳು ಮನೆಗೆ ವಾಪಸು ಬರುತ್ತಿದ್ದವು. ಮಜ್ಜಿಗೆಯಲ್ಲಿ ನೆನೆಸಿ ಅವಳು ಅವನ್ನೇ ಉಣ್ಣುತ್ತಿದ್ದಳು. ಗಂಡ ಬಸಲಿಂಗನ ತಟ್ಟೆಗೆ ಇಡಿಯದನ್ನು ಹಾಕುತ್ತಿದ್ದಳು. ಹೀಗೇ ಆಗಬೇಕೆಂದು ಅವನೇನೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಬಸಲಿಂಗ ಬೊಮ್ಮಸಂದ್ರದ ಫ್ಯಾಕ್ಟರಿಯೊಂದರಲ್ಲಿ ಎರಕದ ಕೆಲಸ ಮಾಡುತ್ತಿದ್ದ. ಕಂಪನಿ ಬಸ್ಸು ಬಂದು ಕರೆದೊಯ್ಯುತ್ತಿದ್ದುದರಿಂದ ವಾರವಿಡೀ ಬೈಕು ಬಾಗಿಲಲ್ಲಿ ನಿಂತಿರುತ್ತಿತ್ತು. ಅದನ್ನು ಓಡಿಸಲು ಹೆಂಡತಿಗೆ ಕಲಿಸಿದವನೂ ಅವನೇ. ಖಾಲಿ ಲೇಔಟಿನಲ್ಲಿ, ಬೈಯದೆ, ಚೆನ್ನಾಗಿಯೇ ಕಲಿಸಿದ್ದ. ಭಾನುವಾರ ಮಾತ್ರ ಬೈಕು ಅವನಿಗೆ ಬೇಕು. ಅಂದು ಊರಿನ ಗೆಳೆಯ ಕಾಡಪ್ಪನನ್ನು ಹಿಂದೆ ಕೂರಿಸಿಕೊಂಡು, ಇಬ್ಬರ ನಡುವೆ ಟೈಲ್ಸ್ ಕತ್ತರಿಸುವ ಮಷೀನಿಟ್ಟುಕೊಂಡು ಕಟ್ಟಡಗಳಿಗೆ ಹೋಗುತ್ತಿದ್ದ. ಆ ಭಾರಕ್ಕೆ ಬೈಕು ಕುಸಿಯುತ್ತದೆಂದು ಎರಡು ವರ್ಷದ ಹಿಂದೆ ಹಿಂದಿನ ಶಾಕ್‌ಗಳಿಗೆ ದಪ್ಪ ತಂತಿಯ ಸ್ಪ್ರಿಂಗ್ ಹಾಕಿಸಿದ್ದ. ಅದರ ಬಿಗಿ ಹೆಚ್ಚುಕಡಿಮೆ ಮಾಡುವ ರಿಂಗನ್ನು ಕೊನೆಯ ಮೆಟ್ಟಿಲಿಗೆ ತಿರುಗಿಸಿ ಇಟ್ಟಿದ್ದ. ಬಿಗಿ ಇದ್ದಷ್ಟೂ ಗಟ್ಟಿ ಎಂಬುದು ಅವನ ನಂಬಿಕೆ.

ವಾರಕ್ಕೆ ಆರು ದಿನ ಬೈಕು ಅವಳದು. ಸ್ಪ್ರಿಂಗು ಮಾತ್ರ ಭಾನುವಾರದ್ದು.

ರೊಟ್ಟಿ ಒಡೆಯುತ್ತಿದೆ ಎಂದು ಅವಳು ಹೇಳಿದ ಮೇಲೆ ಅವನೊಮ್ಮೆ ಬೈಕನ್ನು ಗ್ಯಾರೇಜಿಗೆ ಒಯ್ದಿದ್ದ. ಮೆಕ್ಯಾನಿಕ್ ಅವನನ್ನೇ ಕೂರಿಸಿ, ಹಿಂದೆ ಒತ್ತಿ ನೋಡಿ, ಎಲ್ಲ ಸರಿಯಾಗಿದೆ ಎಂದು ಕಳಿಸಿದ್ದ. ಈ ಸಲ ಗುರುವಾರ ಅವಳೇ ಹೋದಳು. ಹೋಗುವ ಮೊದಲು ಹತ್ತು ಇಡೀ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡಳು.

ಗ್ಯಾರೇಜು ಚಿಕ್ಕಮುನಿಯಪ್ಪನದು. ತಂದೆಯ ರಾಗಿ ಹೊಲ ಸೈಟುಗಳಾದ ಮೇಲೆ, ಉಳಿದ ಮೂಲೆಯಲ್ಲಿ ತಗಡು ಹೊದಿಸಿ ಕೂತವನು.

"ಯಜಮಾನ್ರುನ್ನ ಕಳ್ಸಕ್ಕ. ಅವ್ರು ಕುಂತ್ರೆ ತಾನೆ ಅಳತೆ ಗೊತ್ತಾಗದು."

"ಓಡ್ಸಾಕಿ ನಾನ್ರೀ."

"ನೀನಾ?" ಅವನು ಅವಳನ್ನೂ ಬೈಕನ್ನೂ ನೋಡಿದ. "ಹೋದ್ಸಲ ಆ ಪುಣ್ಯಾತ್ಮ ಇದನ್ನ ಬಾಯಿ ಬುಟ್ಟು ಏಳ್ಲೇ ಇಲ್ವಲ್ಲ! ಕುಂತ್ಕೊ, ನೋಡಾನ."

ಅವಳು ಕೂತಳು. ಹಿಂದೆ ಕ್ರೇಟು ಕಟ್ಟಿದರು. ಚಿಕ್ಕಮುನಿಯಪ್ಪ ಬಗ್ಗಿ ಹಿಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಜಾಗವನ್ನು ಗೇಣು ಹಾಕಿ ಅಳೆದ, ಅವಳನ್ನು ಇಳಿಸಿ ಮತ್ತೆ ಅಳೆದ. ವ್ಯತ್ಯಾಸವೇ ಇರಲಿಲ್ಲ. ಅವಳು ಕೂತದ್ದು ಬೈಕಿಗೆ ಗೊತ್ತೇ ಆಗಿರಲಿಲ್ಲ.

"ಕುಂತಾಗ ಒಂದೆರಡು ಬೆರಳಷ್ಟು ಇಳೀಬೇಕಕ್ಕ. ಇದು ಕಲ್ಲು ಬೆಂಚಿದ್ದಂಗೈತೆ. ರೋಡಲ್ಲಿ ಅಳ್ಳ ಬಂದ್ರೆ ಸ್ಪ್ರಿಂಗು ತಡ್ಕಳಲ್ಲ, ನಿನ್ ರೊಟ್ಟಿ ತಡ್ಕಬೇಕು."

"ರಿಂಗ್ ಇಳಿಸ್ರಲಾ ಮತ್ತ?"

"ರಿಂಗ್ ಇಳ್ಸುದ್ರೆ ಗಾಡಿ ನಿಲ್ಲೋ ಎತ್ರ ಕಮ್ಮಿ ಆಯ್ತದೆ. ತಂತಿ ದಪ್ಪ ಕಮ್ಮಿ ಆಯ್ತದಾ? ಸ್ಪ್ರಿಂಗೇ ಬದ್ಲಾಯಿಸ್ಬೇಕು."

ಮೂಲೆಯಲ್ಲಿ ಬೇರೆ ಬೇರೆ ಬೈಕುಗಳಿಂದ ಬಿಚ್ಚಿದ ಸ್ಪ್ರಿಂಗುಗಳ ರಾಶಿಯಿತ್ತು. ಅವನು ಒಂದೊಂದನ್ನೇ ಎತ್ತಿ, ಹಳೆಯದರ ಪಕ್ಕ ನಿಲ್ಲಿಸಿ ಉದ್ದ ನೋಡಿದ. ಅಷ್ಟೇ ಉದ್ದ, ತಂತಿ ಮಾತ್ರ ತೆಳ್ಳಗಿರುವ ಎರಡನ್ನು ಆರಿಸಿದ. ಒಂದರಲ್ಲಿ ತುಕ್ಕಿತ್ತು. ಅದನ್ನೆಸೆದು ಮತ್ತೆ ಹುಡುಕಿದ.

"ಎರಡೂ ಒಂದೇ ತರ ಇರ್ಬೇಕಕ್ಕ. ಒಂದು ಬಿಗಿ ಒಂದು ಸಡ್ಲ ಆದ್ರೆ ಗಾಡಿ ಎಳೀತದೆ. ಸಂಸಾರ ಇದ್ದಂಗೆ."

"ಸಂಸಾರಕ್ಕ ಯಾರು ಹಿಂಗ ರಾಶ್ಯಾಗ ಹುಡಿಕಿ ಜೋಡಿ ಹಚ್ತಾರ್ರಿ?"

ಅವನು ನಕ್ಕು ಸ್ಪ್ಯಾನರ್ ಹುಡುಕಿಕೊಂಡ. ಹೊಸ ಜೋಡಿ ಹಾಕಿ ರಿಂಗನ್ನು ಮೊದಲ ಮೆಟ್ಟಿಲಲ್ಲಿಟ್ಟ. ತೂಕಕ್ಕೆ ಕ್ರೇಟಿನೊಳಗೆ ಇಟ್ಟಿಗೆ ಇಡಲು ಹೋದಾಗ ಅವಳು ತಡೆದಳು. ಇಟ್ಟಿಗೆ ಒಡೆಯುವುದಿಲ್ಲ, ಒಡೆಯದ ವಸ್ತುವಿನಿಂದ ಏನು ತಿಳಿಯುತ್ತದೆ? ಒಂದು ಇಟ್ಟಿಗೆ ಇಟ್ಟು, ಅದರ ಮೇಲೆ ರೊಟ್ಟಿಯ ಗಂಟಿಟ್ಟಳು. ಅಪಾರ್ಟ್‌ಮೆಂಟಿನ ಮುಂದಿನ ರಸ್ತೆಯ ಹಂಪನ್ನು ದಾಟಿ, ತಿರುಗಿ ಬಂದಳು. ಈಗ ಬೈಕು ಹಂಪಿನ ಮೇಲೆ ಪೂರ್ತಿ ಕೂತು ತಳಕ್ಕೆ ಬಡಿದಿತ್ತು. ನಾಲ್ಕು ರೊಟ್ಟಿ ಎರಡು ಹೋಳಾಗಿದ್ದವು.

"ಮೆತ್ತಗಾದ್ರೂ ಒಡೀತಾವಲ್ರೀ!"

"ಅತಿ ಮೆತ್ತಗಾದ್ರೂ ಕಷ್ಟಾನೇ." ಚಿಕ್ಕಮುನಿಯಪ್ಪ ಒಡೆದ ರೊಟ್ಟಿಯೊಂದನ್ನು ಬಾಯಿಗಿಟ್ಟುಕೊಂಡೇ ಎರಡೂ ಬದಿಯ ರಿಂಗನ್ನು ಒಂದು ಮೆಟ್ಟಿಲು ಏರಿಸಿದ. "ಹೋಗ್ಬಾ ಇನ್ನೊಂದ್ಸಲ. ಚಟ್ನಿ ತಂದಿಲ್ವ?"

ಎರಡನೆಯ ಮೆಟ್ಟಿಲಲ್ಲಿ ಒಂದೂ ಒಡೆಯಲಿಲ್ಲ. ಖಾತ್ರಿಗೆ ಅವಳು ಇನ್ನೊಂದು ಸುತ್ತು ಹೋದಳು. ರಿಂಗ್ ತಿರುಗಿಸುವುದನ್ನು ಕಲಿತು, ಅದರ ಕೊಕ್ಕೆಯಂಥ ಸ್ಪ್ಯಾನರನ್ನೂ ಕೊಂಡು, ದಪ್ಪ ಸ್ಪ್ರಿಂಗುಗಳನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದಳು.

ಶುಕ್ರವಾರ, ಶನಿವಾರ ಶೇಖವ್ವ ಕ್ರೇಟು ಬಿಚ್ಚಿ, ಇಡೀ ರೊಟ್ಟಿಗಳನ್ನು ಎಣಿಸಿ ಒಳಗೊಯ್ದಳು.

ಭಾನುವಾರ ರಿಂಗು ಇಳಿದಿದ್ದನ್ನು ಕಂಡ ಬಸಲಿಂಗ ಅದನ್ನು ಮತ್ತೆ ಕೊನೆಯ ಮೆಟ್ಟಿಲಿಗೆ ಏರಿಸಿ, ಕಾಡಪ್ಪನನ್ನೂ ಮಷೀನನ್ನೂ ಹೇರಿಕೊಂಡು ಹೊರಟ. ಬೀದಿಯ ಕೊನೆಯ ಹಂಪಿನಲ್ಲೇ ಮಡ್‌ಗಾರ್ಡು ಟಯರಿಗೆ ತಾಗಿ ಕಿರ್ರೆಂದಿತು. ಬಸಲಿಂಗ ಬಗ್ಗಿ ನೋಡಿದರೆ ತಂತಿ ತೆಳು. ಇಬ್ಬರೂ ತಳ್ಳಿಕೊಂಡು ವಾಪಸು ಬಂದರು.

"ಯಾರನ್ನ ಕೇಳಿ ಸ್ಪ್ರಿಂಗ್ ಬದಲಿ ಮಾಡ್ಸಿದಿ? ಗಾಡಿ ನಂದು."

"ಕರೇ, ನಿಮ್ಮದು. ಆರ್ ದಿನಾ ಓಡ್ಸಾಕಿ ನಾನು," ಎಂದಳು ಶಿವಗಂಗಾ. ಅವಳು ನಾಳೆಯ ಹಿಟ್ಟು ಜರಡಿ ಹಿಡಿಯುತ್ತಿದ್ದಳು. "ದಪ್ಪನ್ನೂ ಮಂಚದ ಕೆಳಗ ಅದಾವ. ಹಾಕ್ಸಿಕೊಂಡು ಹೋಗ್ರಿ. ಸಂಜೀಕ ಬಂದು ತೆಳ್ಳನ್ನೂ ಹಾಕ್ಸಿ ನಿಲ್ಲಿಸ್ರಿ. ಪ್ರತೀ ವಾರ."

ಪ್ರತೀ ವಾರ ಎರಡೆರಡು ಸಲ ಗ್ಯಾರೇಜಿಗೆ ಹೋಗುವ ಲೆಕ್ಕಕ್ಕೆ ಬಸಲಿಂಗ ತಲೆ ಕೆರೆದುಕೊಂಡ. ಕಾಡಪ್ಪ ನಕ್ಕುಬಿಟ್ಟ.

"ನಾ ಬಸ್ಸಿಗೆ ಬರ್ತೀನಿ ಬಿಡೋ ಮಾರಾಯಾ. ನಿನ್ನ ದಪ್ಪ ಸ್ಪ್ರಿಂಗಿನ ಮ್ಯಾಲ ಕುಂತು ಕುಂತು ನನ್ನ ನಡಾ ಹೋಗೈತಿ. ರೊಟ್ಟಿ ಮಾತಾಡಂಗಿಲ್ಲ, ನಾನೂ ಇಷ್ಟು ದಿನಾ ಮಾತಾಡ್ಲಿಲ್ಲ."

ಒಬ್ಬನೇ ಮಷೀನಿನೊಂದಿಗೆ ಹೋದರೆ, ರಿಂಗು ಕೊನೆಯ ಮೆಟ್ಟಿಲಲ್ಲಿದ್ದರೆ, ತೆಳು ಸ್ಪ್ರಿಂಗೇ ಸಾಕಾಗುತ್ತಿತ್ತು. ಬಸಲಿಂಗ ಮುಖ ಗಂಟಿಕ್ಕಿಕೊಂಡೇ ಹೋಗಿ, ಹಾಗೇ ಬಂದ.

ಸೋಮವಾರ ಬೆಳಿಗ್ಗೆ ಶಿವಗಂಗಾ ರೊಟ್ಟಿಯ ಕ್ರೇಟನ್ನು ಎತ್ತಿಕೊಂಡು ಹೊರಬಂದಳು. ರಿಂಗು ಕೊನೆಯ ಮೆಟ್ಟಿಲಲ್ಲೇ ಇತ್ತು. ಕುಡಿದ ಲೋಟ, ಬಿಚ್ಚಿದ ಅಂಗಿ ಹೇಗೆ ಬಿಟ್ಟಿರುತ್ತಾನೋ ಹಾಗೇ ಅದನ್ನೂ ಬಿಟ್ಟಿದ್ದ. ಅವಳೊಬ್ಬಳ ತೂಕಕ್ಕೆ ಬೈಕು ಮತ್ತೆ ಬಿಗಿ; ಹೀಗೇ ಒಯ್ದರೆ ರೊಟ್ಟಿ ಒಡೆಯುತ್ತವೆ, ಶೇಖವ್ವ ಕೊಟ್ಟ ಗಡುವೂ ಇವತ್ತಿಗೆ ಮುಗಿಯುತ್ತದೆ. ತಾನೇ ಇಳಿಸಬಹುದಿತ್ತು, ಬಗ್ಗಿ ಸ್ಪ್ಯಾನರ್ ಹಾಕಿದರೆ ಆಗುವ ಕೆಲಸ. ಆದರೆ ಇವತ್ತು ಇಳಿಸಿದರೆ ಮುಂದಿನ ಎಲ್ಲ ಸೋಮವಾರಗಳಲ್ಲೂ ಅದು ತನ್ನ ಕೆಲಸವೇ ಎಂದು ಅವಳಿಗೆ ಗೊತ್ತಿತ್ತು. ಮನೆಯ ಉಳಿದ ಕೆಲಸಗಳೆಲ್ಲ ಹಾಗೇ ಅಲ್ಲವೇ ಬಂದದ್ದು?

ಕ್ರೇಟನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ಬಸಲಿಂಗನ ಹೊದಿಕೆ ಎಳೆದಳು.

"ಏಳ್ರಿ. ರಿಂಗ್ ಇಳಿಸ್ರಿ."

"ನಿನಗಽ ಬರ್ತೈತಲ್ಲ."

"ಬರ್ತೈತಿ. ನೀರ್ ತುಂಬೂದೂ ಬರ್ತೈತಿ, ಒಲೀ ಹಚ್ಚೂದೂ ಬರ್ತೈತಿ. ಬರೂದೆಲ್ಲಾ ನಾನಽ ಮಾಡಿದ್ರ ನಿಮಗ ಯಾವಾಗ ಬರಬೇಕು?"

ಅವನು ಲುಂಗಿ ಕಟ್ಟಿಕೊಂಡು ಎದ್ದ. ಎಡಗಡೆಯದನ್ನು ಇಳಿಸಿ, ಸ್ಪ್ಯಾನರ್ ಕೆಳಗಿಟ್ಟು ಒಳಗೆ ನಡೆದ.

"ಬಲಕಿಂದು?" ಎಂದಳು.

ಅವನು ತಿರುಗಿ ಬಂದು ಅದನ್ನೂ ಇಳಿಸಿದ.

ಬೊಮ್ಮನಹಳ್ಳಿಯಲ್ಲಿ ಶೇಖವ್ವ ತಳದವರೆಗೂ ಕೈಹಾಕಿ ನೋಡಿದಳು. ಎರಡು ಒಡೆದಿದ್ದವು.

"ಇವೆರಡು ನನ್ನ ಕೈಯಾಗ ಮುರದ್ವು ಅಂತ ತಿಳಕೋತೀನಿ. ಬಸ್ಸಿನಾಂವಗ ಬ್ಯಾಡ ಅಂತ ಹೇಳ್ತೀನಿ. ನಾಳಿಂದ ಐವತ್ತು ಜಾಸ್ತಿ ತಾ."

ಶಿವಗಂಗಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಐವತ್ತು ರೊಟ್ಟಿಯೆಂದರೆ ಇನ್ನೊಂದು ದೊಡ್ಡ ಮುದ್ದೆ ಹಿಟ್ಟು ನಾದಬೇಕು, ಅಷ್ಟೇ ಹೆಚ್ಚು ನೀರು ಹಿಡಿದಿಡಬೇಕು.

"ನಸುಕಿನ್ಯಾಗ ನೀರು ತುಂಬಾಕ ಮನ್ಯಾಗ ಇನ್ನೊಬ್ರು ಏಳಬೇಕು ಅಕ್ಕಾ. ಅವ್ರು ಎದ್ದ ದಿನದಿಂದ ತರ್ತೀನಿ," ಎಂದು ಖಾಲಿ ಕ್ರೇಟನ್ನು ಬೈಕಿಗೆ ಕಟ್ಟಿದಳು.