ಖಾಡಿಗೆ ಬೀಳದ ಡಿಸ್ಕ್

ಬೆಳಗು ಇನ್ನೂ ಸರಿಯಾಗಿ ಹರಿದಿಲ್ಲ. ಮುಂಬಯಿ ಹತ್ತಿರದ ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಲೇಡೀಸ್ ಡಬ್ಬಿ ಬಂದು ನಿಲ್ಲುವ ಜಾಗದಲ್ಲಿ ಉಮಾವತಿ ನಿಂತಿದ್ದಾರೆ. ಎದೆಗೆ ಅವಚಿಕೊಂಡ ಚೀಲದಲ್ಲಿ ಸ್ಟೀಲಿನ ಟಿಫಿನ್ ಡಬ್ಬ, ಅದರೊಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ಎರಡು ಹಾರ್ಡ್ ಡಿಸ್ಕ್. ನಿನ್ನೆ ಮುಗಿದ ಯಾರದೋ ಮದುವೆ ಅದರಲ್ಲಿದೆ. ಲೋಕಲ್ ಬಂದಾಗ ಹಿಂದಿನಿಂದ ನೂಕುತ್ತಾರೆ, ಪಕ್ಕದಿಂದ ಮೊಣಕೈ ಬರುತ್ತದೆ, ಒಬ್ಬಳು ಮರಾಠಿಯಲ್ಲಿ ಬೈಯುತ್ತಾಳೆ. ಎಲ್ಲದಕ್ಕೂ ಬೆನ್ನು ಕೊಟ್ಟು ಉಮಾವತಿ ಒಳಗೆ ಸೇರುತ್ತಾರೆ.

"ನನಗೆ ಪೆಟ್ಟಾದ್ರೆ ಬಾಮ್ ಉಂಟು. ಇದಕ್ಕೆ ಎಂತ ಹಚ್ಚುವುದು?" ಎನ್ನುತ್ತಾರೆ.

ಉಡುಪಿ ಕಡೆಯ ಈ ಹೆಂಗಸಿಗೆ ಐವತ್ತು ದಾಟಿದೆ. ಗಂಡ ಮುಂಡಪ್ಪ ಡೊಂಬಿವಲಿಯ ಹೋಟೆಲೊಂದರ ಗಲ್ಲೆಯಲ್ಲಿದ್ದವರು. ಅವರ ಕಿಡ್ನಿ ಕೈಕೊಟ್ಟ ಮೇಲೆ ಉಮಾವತಿ ಮದುವೆ ವೀಡಿಯೊ ಸ್ಟುಡಿಯೊವೊಂದರಲ್ಲಿ ಆಲ್ಬಮ್ಮಿಗೆ ಫೋಟೋ ಅಂಟಿಸುವ ಕೆಲಸಕ್ಕೆ ಸೇರಿದರು. ಕ್ಯಾಸೆಟ್ ಹೋಗಿ ಡಿಸ್ಕ್ ಬಂದಾಗ ಅದನ್ನು ಹೊರುವ ಕೆಲಸವೂ ಇವರ ಹೆಗಲಿಗೇ ಬಂತು. ಶೂಟಿಂಗ್ ಮಾಡುವ ಸ್ಟುಡಿಯೊ ಇಲ್ಲಿ, ಎಡಿಟರ್ ಇರುವುದು ಠಾಣೆ ಪಟ್ಟಣದ ವರ್ತಕ ನಗರದಲ್ಲಿ. ನೆಟ್ಟಿನಲ್ಲಿ ಕಳಿಸಬಹುದಲ್ಲ ಎಂದು ಕೇಳಿದರೆ ನಗುತ್ತಾರೆ. "ನಮ್ಮ ನೆಟ್ಟಿನಲ್ಲಿ ಮದುವೆ ಅಲ್ಲಿಗೆ ಮುಟ್ಟುವಾಗ ಮದುಮಗಳಿಗೆ ಸೀಮಂತ ಆಗಿರ್ತದೆ."

ತೊಂದರೆ ದೂರದ್ದಲ್ಲ. ಸ್ಟುಡಿಯೊದಲ್ಲಿರುವುದು ವಿಂಡೋಸ್, ಎಡಿಟರನ ಬಳಿ ಮ್ಯಾಕ್. ವಿಂಡೋಸಿಗೆಂದೇ ಸಿದ್ಧ ಮಾಡಿದ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ಅದರಲ್ಲಿ ಒಂದಕ್ಷರ ಬರೆಯುವುದಿಲ್ಲ. ಮ್ಯಾಕಿನದನ್ನು ವಿಂಡೋಸ್ ಓದುವುದೂ ಇಲ್ಲ. ಓದಲಾಗದಿದ್ದರೆ ಸುಮ್ಮನಿರಬೇಕಲ್ಲ, ಅದೂ ಇಲ್ಲ. ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಹೂಂ ಎಂದರೆ ಒಳಗಿದ್ದದ್ದೆಲ್ಲ ಗುಡಿಸಿ ಹೋಗುತ್ತದೆ. ಎರಡೂ ಕಡೆ ನಡೆಯುವ ಮೂರನೆಯ ಬಗೆಯ ಡಿಸ್ಕುಗಳೂ ಇವೆ. ಓಡಾಟಕ್ಕೆ ಅವೇ. ಗುರುತು ಸಿಗಲೆಂದು ಅವುಗಳ ಮೂಲೆಗೆ ಉಮಾವತಿ ಕುಂಕುಮದ ಬೊಟ್ಟು ಇಡುತ್ತಿದ್ದರು. ಸ್ಟಿಕ್ಕರ್ ಬೆವರಿಗೆ ಕಿತ್ತು ಬರುತ್ತದೆ, ಕುಂಕುಮಕ್ಕೆ ಎಣ್ಣೆ ಕಲಸಿ ಹಚ್ಚಿದರೆ ಹೋಗುವುದಿಲ್ಲ.

2013ರ ಬೇಸಿಗೆಯಲ್ಲಿ ಡೊಂಬಿವಲಿಯ ಸತ್ಯಭಾಮಾ ಎಂಬವರ ಮೊಮ್ಮಗಳ ಮದುವೆಯಾಯಿತು. ವೀಡಿಯೊಗೆ ಯಾವ ಹಾಡು ಹಾಕಬೇಕೆಂದು ಮನೆಯವರು ಜಗ್ಗಾಡುತ್ತಲೇ ಮಳೆಗಾಲ ಬಂತು, ಅಷ್ಟರಲ್ಲಿ ಸತ್ಯಭಾಮಾ ಅವರ ಗಂಡ ರಘುಪತಿ ತೀರಿಕೊಂಡರು. ಮಂಟಪದಲ್ಲಿ ಅವರು ಮೊಮ್ಮಗಳ ತಲೆ ಮುಟ್ಟಿ ಏನೋ ಹೇಳಿ ನಕ್ಕದ್ದು ಆ ವೀಡಿಯೊದಲ್ಲಿತ್ತು. ಎಡಿಟರ್ ಅದನ್ನು ತನ್ನ ಮ್ಯಾಕ್ ಡಿಸ್ಕಿನಲ್ಲೇ ಹಾಕಿ, ಹಾಡು ನಿರ್ಧಾರವಾಗುವ ತನಕ ಇಟ್ಟಿರಿ ಎಂದು ಕಳಿಸಿದ. ಉಮಾವತಿ ತಂದು ಸ್ಟುಡಿಯೊದ ಕಪಾಟಿನಲ್ಲಿ ಇಟ್ಟರು. ಅದಕ್ಕೆ ಬೊಟ್ಟು ಇರಲಿಲ್ಲ. ಕ್ಯಾಮೆರಾದ ಕಾರ್ಡುಗಳು ಅಷ್ಟು ಹೊತ್ತಿಗೆ ಬೇರೆ ಮದುವೆಗಳಿಗೆ ಹೋಗಿ ಬಂದಿದ್ದವು, ಎಡಿಟರ್ ತನ್ನ ಯಂತ್ರದಲ್ಲಿದ್ದದ್ದನ್ನೂ ತೆಗೆದಿದ್ದ. ಇದ್ದದ್ದು ಆ ಒಂದೇ ಪ್ರತಿ.

ಆಯುಧಪೂಜೆ ಬಂತು. ಉಮಾವತಿ ಅಂದು ಗಂಡನೊಡನೆ ಆಸ್ಪತ್ರೆಯಲ್ಲಿದ್ದರು. ಸ್ಟುಡಿಯೊದ ಮಾಲೀಕ ವಸಂತಕುಮಾರ ಭಕ್ತಿಯ ಮನುಷ್ಯ. ಕ್ಯಾಮೆರಾ, ಲೈಟು, ಕಂಪ್ಯೂಟರು, ಕಪಾಟಿನಲ್ಲಿದ್ದ ಎಲ್ಲ ಡಿಸ್ಕುಗಳಿಗೂ ಒಂದನ್ನೂ ಬಿಡದೆ ಕುಂಕುಮ ಇಟ್ಟರು. ಹಬ್ಬ ಕಳೆದ ಮೇಲೆ ಖಾಲಿ ಡಿಸ್ಕ್ ಬೇಕಾಗಿ ಒಂದನ್ನು ತೆಗೆದು ಸಿಕ್ಕಿಸಿದರು. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಬೊಟ್ಟು ತಾವೇ ಇಟ್ಟದ್ದನ್ನು ಮರೆತು, ಬೊಟ್ಟಿನ ಡಿಸ್ಕ್ ತಾನೇ, ಓಡಾಡಿ ಕೆಟ್ಟಿರಬೇಕು ಎಂದುಕೊಂಡು ಒತ್ತಿದರು. ಮರುದಿನವೇ, ಸತ್ಯಭಾಮಾ ಮನೆಯ ಮದುವೆ ಇದ್ದ ಆ ಡಿಸ್ಕಿನ ಮೇಲೆ ಹೊಸ ಮದುವೆಯೊಂದನ್ನು ತುಂಬಿಯೂ ಆಯಿತು.

"ಕುಂಕುಮ ನನ್ನದೇ ಬುದ್ಧಿ," ಎನ್ನುತ್ತಾರೆ ಉಮಾವತಿ. "ವರ್ಷ ವರ್ಷ ದಸರಾ ಬರ್ತದೆ ಅಂತ ನನ್ನ ಮಂಡೆಗೆ ಹೋಗ್ಲಿಲ್ಲ. ಅಷ್ಟು ತಪ್ಪು ನನ್ನದು. ಅದನ್ನು ನಾನು ಇಲ್ಲ ಅಂತ ಹೇಳುವುದಿಲ್ಲ."

ಇಲ್ಲದ ತಪ್ಪು ಹೊರಿಸಿದ್ದು ವಸಂತಕುಮಾರ. ಮದುವೆಯ ಮನೆಯವರು ಬಂದು ಕೇಳಿದಾಗ, ಠಾಣೆಯಿಂದ ಬರುವಾಗ ಲೋಕಲ್ಲಿನ ಗರ್ದಿಯಲ್ಲಿ ಈ ಹೆಂಗಸಿನ ಕೈಯಿಂದ ಜಾರಿ ಕಳವಾ ಸೇತುವೆಯ ಮೇಲೆ ಡಿಸ್ಕ್ ಕೆಳಗಿನ ಖಾಡಿಗೆ, ಸಮುದ್ರದ ಹಿನ್ನೀರಿಗೆ, ಬಿತ್ತು ಎಂದರು. ಉಮಾವತಿ ಅಲ್ಲೇ, ಚಹಾದ ಟ್ರೇ ಹಿಡಿದು ನಿಂತಿದ್ದರು. ಗಂಡನ ಔಷಧಿ ಈ ಕೆಲಸದಿಂದಲೇ ಬರಬೇಕಿತ್ತು. ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಂಡದ್ದಕ್ಕೆ ಸಿಕ್ಕಿದ್ದೇನು? ದೀಪಾವಳಿ ಕಳೆಯುತ್ತಲೇ, ಗಿರಾಕಿಗಳು ನಿಮ್ಮನ್ನು ಕಂಡರೆ ಹೆದರುತ್ತಾರೆ ಎಂದು ಕೆಲಸದಿಂದಲೇ ತೆಗೆದರು.

ಉಮಾವತಿಯವರ ಬಗ್ಗೆ ಬರೆಯಲು ಹೊರಟ ನಾನು ವಸಂತಕುಮಾರರನ್ನು ಹೋಗಿ ಕೇಳಿದೆ. ನಾಚಿಕೆಪಟ್ಟಾರು ಎಂದುಕೊಂಡಿದ್ದು ನನ್ನ ಪೆದ್ದತನ. "ನೋಡಿ ಸಾರ್, ಬಿದ್ರೆ ಅದು ಆಕ್ಸಿಡೆಂಟ್, ಒತ್ತಿದ್ರೆ ಅದು ತಪ್ಪು. ನನಗೆ ಧಂದಾ ನಡೆಸ್ಬೇಕಲ್ವಾ?" ಎಂದು ನನಗೂ ಚಹಾ ತರಿಸಿದರು. ಕುಡಿಯಲಿಲ್ಲ.

ಉಮಾವತಿಯವರಿಗೆ ಈಗ ಕಲ್ಯಾಣದ ಇನ್ನೊಂದು ಸ್ಟುಡಿಯೊದಲ್ಲಿ ಅದೇ ಕೆಲಸ. ಈ ಮೂರು ವರ್ಷದಲ್ಲಿ ಮುಂಡಪ್ಪ ಹೋದರು. ಇಲ್ಲಿನ ನಮ್ಮ ಕನ್ನಡದವರ ನಾಲಗೆ ಮಾತ್ರ ಹೋಗಲಿಲ್ಲ. ಶನಿವಾರದ ಭಜನೆಯಲ್ಲಿ ಎಲ್ಲರ ಕೈಗೂ ಆರತಿ ತಟ್ಟೆ ದಾಟುತ್ತದೆ, ಇವರ ಹತ್ತಿರ ಬಂದಾಗ ತಲೆಯ ಮೇಲಿನಿಂದ ಆಚೆಗೆ ಹೋಗುತ್ತದೆ. "ಉಮಕ್ಕ, ಬೇಡ, ಜಾರೀತು" ಎಂದು ಒಬ್ಬಳು ನಗುತ್ತಾಳೆ, ಉಳಿದವರು ತಾಳ ಹಾಕುತ್ತಾರೆ. ದೇವರ ಎದುರಿಗೇ ಇಷ್ಟು ಕೊಳಕು ನಗು ನಗುವ ನಮ್ಮ ಜನರ ಬಗ್ಗೆ ನನಗೆ ಹೇಸಿಗೆಯಾಗುತ್ತದೆ. ಮಗಳು ನಿಶ್ಮಿತಾ, "ಮಮ್ಮಿ, ಛೋಡ್ ದೋ ನಾ, ಕಿಸ್ಕೋ ಯಾದ್ ಹೈ" ಎನ್ನುತ್ತಾಳೆ, ಬಿಟ್ಟುಬಿಡು, ಯಾರಿಗೆ ನೆನಪಿದೆ ಎಂದು.

"ಅವಳಿಗೆ ಕನ್ನಡ ಅರ್ಥ ಆಗ್ತದೆ," ಎನ್ನುತ್ತಾರೆ ಉಮಾವತಿ. "ನನ್ನ ಮರ್ಯಾದೆ ಅರ್ಥ ಆಗುವುದಿಲ್ಲ."

ಸತ್ಯಭಾಮಾ ಅವರಿಗೆ ನಿಜ ಹೇಳಿಯೇ ಬಿಡಬೇಕೆಂದು ಎರಡು ಸಲ ಅವರ ಬಿಲ್ಡಿಂಗಿನ ಕೆಳಗೆ ಹೋಗಿ, ಲಿಫ್ಟ್ ಹತ್ತಲಾಗದೆ ಮರಳಿದ್ದರಂತೆ. ಕಳೆದ ಶ್ರಾವಣದಲ್ಲಿ ಠಾಣೆಗೆ ಹೋಗುವ ಲೋಕಲ್ಲಿನಲ್ಲಿ ಆಕೆಯೇ ಕಂಡರು. ಇವರು ಗುಂಪಿನ ಹಿಂದೆ ಸರಿದು ನಿಂತರು. ಕಳವಾ ಸೇತುವೆ ಬಂದಾಗ ಆ ಮುದುಕಿ ಎದ್ದು, ಕಿಟಕಿಯ ಕಂಬಿಗಳ ನಡುವೆ ಕೈ ತೂರಿಸಿ ಒಂದು ಸೇವಂತಿಗೆಯನ್ನು ಖಾಡಿಗೆ ಹಾಕಿ ಕೈಮುಗಿದರು. ಇಲ್ಲಿ ನಿರ್ಮಾಲ್ಯ ಎಸೆಯುವವರು ದಿನವೂ ಇರುತ್ತಾರೆ, ಯಾರೂ ತಿರುಗಿ ನೋಡಲಿಲ್ಲ. ಪಕ್ಕದವಳು ಮಾತಿಗೆಂದು ಕೇಳಿದ್ದಕ್ಕೆ ಸತ್ಯಭಾಮಾ, "ನಮ್ಮ ಯಜಮಾನ್ರು ನಕ್ಕದ್ದು ಇಲ್ಲೇ ಕೆಳಗೆ ಉಂಟು" ಎಂದರು.

ಕೇಳಿದ ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರ ಹೆಸರು ಹಾಕಿ ಬರೆಯುತ್ತೇನೆ ಎಂದೆ. ಹಾಗಾದರೆ ಬರೆಯುವುದೇ ಬೇಡ ಎಂದು ಉಮಾವತಿ ಚೀಲ ಎತ್ತಿಕೊಂಡರು. ಆದ್ದರಿಂದ ಇಲ್ಲಿರುವ ಹೆಸರು ಯಾವುದೂ ನಿಜವಲ್ಲ, ಉಮಾವತಿ ಎಂಬುದೂ ಅಲ್ಲ. ಊರು ಕೇರಿಗಳನ್ನೂ ಸ್ವಲ್ಪ ಅದಲುಬದಲು ಮಾಡಿದ್ದೇನೆ. ಮರೆಯಲ್ಲಿದ್ದವರನ್ನು ಬೆಳಕಿಗೆ ತರುತ್ತೇನೆಂದು ಹೊರಟವನು ನಾನೇ ಅವರನ್ನು ಇನ್ನಷ್ಟು ಮರೆಗೆ ದೂಡಿದಂತಾಯಿತು. ವಸಂತಕುಮಾರರೂ ಅದೇ ಮರೆಯಲ್ಲಿ ಹಾಯಾಗಿ ಬಚಾವಾದರು.

"ನಿಮ್ಮ ಹೆಸರು ಚೊಕ್ಕ ಆಗುವುದು ಬೇಡವೇ?" ಎಂದು ಕೇಳಿದೆ.

"ಬೇಡ ಅಂತ ಯಾರು ಹೇಳಿದ್ದು? ದಿನಾ ಬೇಕು. ಆ ತಟ್ಟೆ ತಲೆ ಮೇಲಿಂದ ಹೋಗುವಾಗ ಎಲ್ಲ ಹೇಳಿಬಿಡುವ ಅಂತ ನಾಲಗೆ ತುದಿಗೆ ಬರ್ತದೆ," ಎಂದರು. ಚೀಲವನ್ನು ಎದೆಗೆ ಅವಚಿಕೊಂಡರು. "ಆದ್ರೆ ಅದು ಖಾಡಿಗೆ ಬೀಳ್ಲೇ ಇಲ್ಲ, ಮೇಜಿನ ಮೇಲೆ ಅಳಿಸಿ ಹೋದದ್ದು ಅಂತ ಗೊತ್ತಾದ್ರೆ, ಆ ಅಮ್ಮ ಹೂ ಎಲ್ಲಿಗೆ ಹಾಕುವುದು ಮಾರಾಯ್ರೆ?"