ಮಮ್ಮಿ ಹೊರದ ಹರಕೆ

ಮಮ್ಮಿ ಅಂಥ ಹರಕೆ ಹೊತ್ತೇ ಇರಲಿಲ್ಲ, ಜೋಯಲ್. ನಿನ್ನ ದನಿ ದೇವರ ಪೀಠಕ್ಕೆ ಮಾತ್ರ ಮೀಸಲು, ಹೊರಗೆ ಹಾಡಬಾರದು ಎಂದು ಆಕೆ ಯಾವ ಸಂತರ ಮುಂದೆಯೂ ಮಾತು ಕೊಟ್ಟಿರಲಿಲ್ಲ. ಅದನ್ನು ಹುಟ್ಟಿಸಿದವಳು ನಾನು, ನಿನ್ನ ಅಕ್ಕ — ದೋಹಾದ ಅಲ್ ಹಿಲಾಲ್‌ನ ನಮ್ಮ ಅಡುಗೆಮನೆಯಲ್ಲಿ, ಕೈಯಲ್ಲಿ ಮೀನು ಕೊಯ್ಯುವ ಕತ್ತಿ ಹಿಡಿದುಕೊಂಡು. ನೀನು ನಂಬಿದೆ. ಇವತ್ತಿಗೂ ನಂಬಿದ್ದೀ.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ನಾವು ಮಾತಾಡುವುದು ಕೊಂಕಣಿ, ನೀನು ಓದಿದ್ದು ಇಂಗ್ಲಿಷ್, ನನಗೆ ಬರೆಯಲು ಬರುವುದು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಈ ಕನ್ನಡ ಮಾತ್ರ. ನೀನು ಕನ್ನಡವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೀ, ಚಿಕ್ಕ ಮಕ್ಕಳ ಹಾಗೆ. ಇರಲಿ. ಬಾಯಲ್ಲಿ ಹೇಳಲು ಹೋದರೆ ನಾನು ಅರ್ಧಕ್ಕೆ ಅತ್ತು, ನಿನ್ನಿಂದ ಸಮಾಧಾನ ಮಾಡಿಸಿಕೊಂಡು, ವಿಷಯ ಅಲ್ಲಿಗೇ ಬಿಟ್ಟುಬಿಡುವವಳು. ಅದಕ್ಕೇ ಮೊದಲು ಬರೆಯುತ್ತಿದ್ದೇನೆ.

ನೀನು ಹುಟ್ಟಿದ್ದು ದೋಹಾದಲ್ಲಿ. ನಾನು ಆಗ ಶಿರ್ವದ ಕಡೆಯ ನಮ್ಮ ಊರಿನಲ್ಲಿ ಅಜ್ಜಿಯ ಜೊತೆ ಇದ್ದೆ. ಅಜ್ಜಿ ತೀರಿಕೊಂಡ ಮೇಲೆ ಪಪ್ಪ ನನ್ನನ್ನೂ ಇಲ್ಲಿಗೆ ಕರೆಸಿಕೊಂಡರು. ಕನ್ನಡ ಶಾಲೆಯ ಹುಡುಗಿಯನ್ನು ಇಲ್ಲಿಯ ಇಂಗ್ಲಿಷ್ ಶಾಲೆಗೆ ಸೇರಿಸಿಕೊಳ್ಳಲಿಲ್ಲ — ಅಥವಾ ನಾನೇ ಹೆದರಿ ಹೋಗುವುದಿಲ್ಲವೆಂದು ಹಟ ಹಿಡಿದೆನೋ, ಈಗ ಸರಿಯಾಗಿ ನೆನಪಿಲ್ಲ. ಮಮ್ಮಿಗೆ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಹೋಗುವಾಗ ನಿನ್ನನ್ನು ನನ್ನ ಸೊಂಟದ ಮೇಲೆ ಕೂರಿಸಿ ಹೋಗುತ್ತಿದ್ದಳು. ಅಲ್ಲಿಂದ ನೀನು ಯಾವಾಗ ಇಳಿದೆಯೋ ನನಗೆ ಗೊತ್ತೇ ಆಗಲಿಲ್ಲ. ಬಹುಶಃ ತಪ್ಪು ಅಲ್ಲಿಂದಲೇ ಶುರುವಾಯಿತು.

ಪಪ್ಪ ಮೆಸಯೀದ್‌ನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದರು. ಶುಕ್ರವಾರದ ರಜೆಯಲ್ಲಿ ಪೂಜೆ ಮುಗಿಸಿ ನಮ್ಮನ್ನು ಹಳೆಯ ಕಾರಿನಲ್ಲಿ ತುಂಬಿಕೊಂಡು ಆ ಕಡೆಯ ಸಮುದ್ರಕ್ಕೆ ಹೋಗುತ್ತಿದ್ದರು. ನೆನಪಿದೆಯಾ — ಹಿಂದಿನ ಸೀಟಿನಲ್ಲಿ ಬಿರಿಯಾನಿಯ ಪಾತ್ರೆ ಚೆಲ್ಲದ ಹಾಗೆ ನೀನು ಕಾಲಿನಿಂದ ಒತ್ತಿ ಹಿಡಿಯಬೇಕು, ಕಿಟಕಿಯಾಚೆ ಮರಳು, ದೂರದಲ್ಲಿ ಕಾರ್ಖಾನೆಯ ಚಿಮಣಿಯ ಬೆಂಕಿ, ಕಾರಿನೊಳಗೆ ಪಪ್ಪನ ಕ್ಯಾಸೆಟ್ಟು. ಅಮೆರಿಕದ ಹಳ್ಳಿಯವರ ಹಾಡುಗಳು. ನಮ್ಮವರ ಮನೆಗಳಲ್ಲಿ ಜಪಸರದ ಜೊತೆಗೆ ಅದೂ ಒಂದು ಇದ್ದೇ ಇರುತ್ತದಲ್ಲ. 'ಕಂಟ್ರಿ' ಎನ್ನುವ ಶಬ್ದವನ್ನು ಪಪ್ಪ ತನ್ನ ಊರಿನ ಹೆಸರು ಹೇಳಿದ ಹಾಗೆ ಹೇಳುತ್ತಿದ್ದರು. ಲಾರಿ ಓಡಿಸುವವನು, ಮನೆ ಬಿಟ್ಟು ಬಂದವನು, ಅಮ್ಮನ ಪ್ರಾರ್ಥನೆ ನೆನೆಸಿಕೊಳ್ಳುವವನು — ಎಲ್ಲ ನಮ್ಮದೇ ಕಥೆ.

"ನಿಮ್ಮ ಪಪ್ಪ ಕ್ರೇನ್ ಮೇಲೆ ಕೂತು ಕೌಬಾಯ್ ಆಗಿದ್ದಾರೆ ಕಾಣಿ. ಕುದುರೆ ಒಂದು ಬಾಕಿ" ಎಂದು ಮಮ್ಮಿ ನಗುತ್ತಿದ್ದಳು.

"ಕುದುರೆ ಯಾಕೆ ಮಾರಾಯ್ತಿ, ನೀನು ಉಂಟಲ್ಲ ಒದೀಲಿಕ್ಕೆ" ಎನ್ನುತ್ತಿದ್ದರು ಪಪ್ಪ.

ನೀನು ನಗುತ್ತಿರಲಿಲ್ಲ. ಕಣ್ಣು ಮುಚ್ಚಿ ಆ ಹಾಡುಗಾರನ ದನಿ ಎಲ್ಲಿ ಮುರಿಯುತ್ತದೋ ಅಲ್ಲೇ ನಿನ್ನ ದನಿಯನ್ನೂ ಮುರಿದು ನೋಡುತ್ತಿದ್ದೆ. ಮಾತು ಅರ್ಥವಾಗುವ ವಯಸ್ಸಲ್ಲ. ಆದರೂ ಎಲ್ಲಿ ಅಳಬೇಕು ಎಂದು ನಿನಗೆ ಗೊತ್ತಿತ್ತು.

ಮಮ್ಮಿಗೆ ಹರಕೆಗಳ ಹುಚ್ಚು. ವೀಸಾ ಆಗಲೆಂದು ಒಂದು, ಪಪ್ಪನ ಬಿಪಿ ಇಳಿಯಲೆಂದು ಒಂದು, ಪಕ್ಕದ ಮನೆಯವರ ಹುಡುಗಿಗೆ ಗಂಡು ಸಿಗಲೆಂದು ಒಂದು. ನಿನಗೆ ನಾಲ್ಕೋ ಐದೋ ವರ್ಷವಿದ್ದಾಗ ಗಂಟಲಿನ ಜ್ವರ ಬಂದು ದನಿಯೇ ಅಡಗಿಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ. ಆಗ ಮಮ್ಮಿ ಒಂದು ಹರಕೆ ಹೊತ್ತದ್ದು ನಿಜ. ನಿನ್ನೆತ್ತರದ ಮೇಣದಬತ್ತಿ ಹಚ್ಚುತ್ತೇನೆಂದು. ಗಂಟಲು ಕಾಯುವ ಸಂತರ ಹಬ್ಬದಂದು ಇಲ್ಲಿಯ ಚರ್ಚಿಗೆ ನಿನ್ನನ್ನು ಎತ್ತಿಕೊಂಡು ಹೋದೆವು. ಪಾದ್ರಿಗಳು ಎರಡು ಬತ್ತಿಗಳನ್ನು ಶಿಲುಬೆಯ ಹಾಗೆ ಕೂಡಿಸಿ ನಿನ್ನ ಕುತ್ತಿಗೆಗೆ ಒತ್ತಿ ಆಶೀರ್ವಾದ ಮಾಡಿದರು. ದನಿ ತಿರುಗಿ ಬಂದ ಮೇಲೆ ನೀನು ಕೇಳಿದ ಮೊದಲ ಪ್ರಶ್ನೆ — "ಫಾದರ್ ನನಗೆ ಬೆಂಕಿ ಕೊಡ್ತಾರೆ ಅಂತ ಹೆದರಿಕೆ ಆಗಿತ್ತು, ನೀವು ಯಾಕೆ ನಗ್ತಾ ಇದ್ರಿ?"

ಮುಂದಿನ ರಜೆಗೆ ಊರಿಗೆ ಹೋದಾಗ ಮಮ್ಮಿ ಆ ಬತ್ತಿ ಹಚ್ಚಿದಳು. ಗಾಳಿಗೆ ಆರದ ಹಾಗೆ ಕೈ ಅಡ್ಡ ಹಿಡಿದವಳು ನಾನು. ಅಲ್ಲಿಗೆ ಆ ಹರಕೆ ತೀರಿತು. ಇದ್ದದ್ದು ಅಷ್ಟೇ. ಉಳಿದದ್ದನ್ನು ನಾನು ಸೇರಿಸಿದೆ.

ಆಮೇಲೆ ನೀನು ಚರ್ಚಿನ ಹಾಡುಗಾರರ ಗುಂಪಿಗೆ ಸೇರಿದೆ. ಇಲ್ಲಿಯ ಕಾನೂನಿನಂತೆ ಹೊರಗೆ ಗಂಟೆಯಿಲ್ಲದ, ಶಿಲುಬೆ ಕಾಣದ ಚರ್ಚು ನಮ್ಮದು. ಗಂಟೆ ಇಲ್ಲದಿದ್ದರೆ ಪೂಜೆಗೆ ಹೊತ್ತಾಯಿತೆಂದು ದೇವರಿಗೆ ಹೇಗೆ ಗೊತ್ತಾಗುತ್ತದೆ ಎಂದು ನೀನು ಕೇಳಿದರೆ, "ನೀನು ಹಾಡು, ಗೊತ್ತಾಗ್ತದೆ" ಎಂದಿದ್ದಳು ಮಮ್ಮಿ. ಅದನ್ನು ನೀನು ತಮಾಷೆಯೆಂದು ತೆಗೆದುಕೊಳ್ಳಲಿಲ್ಲ. ಯಾವುದನ್ನೂ ನೀನು ತಮಾಷೆಯೆಂದು ತೆಗೆದುಕೊಳ್ಳುವವನಲ್ಲ — ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಮಮ್ಮಿ ತೀರಿಕೊಂಡಾಗ ನೀನು ಒಂಬತ್ತನೆಯ ತರಗತಿಯಲ್ಲಿದ್ದೆ. ಪೆಟ್ಟಿಗೆಯ ಜೊತೆ ವಿಮಾನದಲ್ಲಿ ಊರಿಗೆ ಹೋಗಿ ಬಂದ ಮೇಲೆ ಬಹಳ ದಿನ ನೀನು ಹಾಡಲಿಲ್ಲ. ಪಪ್ಪ ಎಲ್ಲಿಂದಲೋ ಒಂದು ಗಿಟಾರು ತಂದು ನಿನ್ನ ಮಂಚದ ಮೇಲೆ ಇಟ್ಟು ಶಿಫ್ಟಿಗೆ ಹೋದರು. ಆ ಗಿಟಾರಿನಲ್ಲಿ ನೀನು ಕಟ್ಟಿದ ಮೊದಲ ಹಾಡು ಮೆಸಯೀದ್ ಬಸ್ಸಿನದು. ಧಾಟಿ ಪಪ್ಪನ ಕ್ಯಾಸೆಟ್ಟಿನದು, ಮಾತು ಕೊಂಕಣಿ. ಕಂಪೆನಿಯ ಬಸ್ಸು ತಿರುವಿನಲ್ಲಿ ಕಾಣಿಸಿದ ಕೂಡಲೇ ಮಮ್ಮಿ ಕಿಟಕಿ ಬಿಟ್ಟು ಹೋಗಿ ಸಾರು ಬಿಸಿಗಿಡುವುದು, ಪಪ್ಪ ಮೇಲೆ ಬಂದಾಗ ತಾನು ಕಾದೇ ಇಲ್ಲವೆಂಬಂತೆ ಬಯ್ಯುವುದು. ಅದರಲ್ಲಿ ಸಾವಿನ ಮಾತೇ ಇರಲಿಲ್ಲ. ಕೊನೆಯ ಸಾಲಿನಲ್ಲಿ ಬಸ್ಸು ಬರುತ್ತದೆ, ಕಿಟಕಿ ಮುಚ್ಚಿರುತ್ತದೆ, ಅಷ್ಟೇ.

ಡಿಪ್ಲೊಮಾ ಮುಗಿಸಿದ ವರ್ಷ ನಮ್ಮವರ ಕೂಟದಲ್ಲಿ ನೀನು ಅದನ್ನು ಹಾಡಿದೆ. ಯಾವತ್ತೂ ಸಿಗರೇಟು ಮುಟ್ಟದ ಪಪ್ಪ, ಸಿಗರೇಟು ಸೇದಿ ಬರುತ್ತೇನೆಂದು ಎದ್ದು ಹೊರಗೆ ಹೋದರು. ಆ ದಿನ ಅಲ್ಲಿ ಬಾಜಾ ಬಾರಿಸಲು ಬಂದಿದ್ದ ಗೋವಾದ ಸಾವಿಯೊ ಮುಂದಿನ ವಾರ ನಮ್ಮ ಮನೆಗೇ ಬಂದ.

"ಸಿಸ್ಟರ್, ಗಂಟಲು ಎಲ್ಲರಿಗೂ ಉಂಟು" ಎಂದ, ನಾನು ಕೊಟ್ಟ ಚಾ ಹಿಡಿದುಕೊಂಡು. "ಇವನದ್ರಲ್ಲಿ ರಸ್ತೆಯ ಧೂಳು ಉಂಟು. ಅದನ್ನು ಕಲಿಸ್ಲಿಕ್ಕೆ ಆಗುದಿಲ್ಲ. ನಮ್ಮ ಬ್ಯಾಂಡ್ ಟೂರಿಸ್ಟ್ ಶಿಪ್ಪಿಗೆ ಬಾರಿಸ್ಲಿಕ್ಕೆ ಹೋಗ್ತದೆ, ಕಂಟ್ರಿ ಹಾಡುವವ ಬೇಕು. ಯಲ್ಲಾ ಯಲ್ಲಾ, ಬೇಗ ಕಳಿಸಿ ಕೊಡಿ."

ಅದೇ ವಾರ ಪಪ್ಪನ ಕಂಪೆನಿಯಲ್ಲಿ ನಿನಗೆ ಆಫೀಸಿನ ಕೆಲಸವೊಂದು ತಯಾರಾಗಿತ್ತು. ಭಾನುವಾರ ಉತ್ತರ ಹೇಳಬೇಕು. ಪಪ್ಪ "ನಿನ್ನ ಇಷ್ಟ ಮಗಾ" ಎಂದರು. ನಿನ್ನ ಇಷ್ಟ ಯಾವುದೆಂದು ಮನೆಯ ಗೋಡೆಗಳಿಗೂ ಗೊತ್ತಿತ್ತು.

ನಾನು ಯಾಕೆ ಹಾಗೆ ಮಾಡಿದೆ? ಹಾಡುಗಾರರು ಕುಡಿದು ಹಾಳಾಗುತ್ತಾರೆ, ಹುಡುಗ ದೇವರನ್ನು ಮರೆಯುತ್ತಾನೆ — ಇಷ್ಟು ವರ್ಷ ನನಗೆ ನಾನೇ ಹೀಗೆ ಹೇಳಿಕೊಂಡು ಬಂದೆ. ಅದಲ್ಲ. ನೀನು ಹೋದರೆ ಆ ಫ್ಲ್ಯಾಟಿನಲ್ಲಿ ನಾನು ಯಾರು? ಶಿಫ್ಟಿನ ಪಪ್ಪನಿಗೆ ಅನ್ನ ಬಡಿಸುವವಳು. ನಿನ್ನನ್ನು ಹೊರಗೆ ಕರೆದುಕೊಂಡು ಹೋಗಲು ಒಂದು ಹಾಡಿತ್ತು. ನನ್ನನ್ನು ಕರೆಯಲು ಏನೂ ಇರಲಿಲ್ಲ. ನಾನು ಎತ್ತಿ ಬೆಳೆಸಿದ ಮಗುವಿನ ಮೇಲೆ ನನಗೆ ಹೊಟ್ಟೆಕಿಚ್ಚು — ಬರೆಯಲು ಕೈ ಬರುವುದಿಲ್ಲ, ಆದರೆ ಅದಕ್ಕೆ ಬೇರೆ ಹೆಸರಿಲ್ಲ.

ಗುರುವಾರ ಮಧ್ಯಾಹ್ನ. ನಾನು ಅಂಜಲ್ ಮೀನು ಕೊಯ್ಯುತ್ತಿದ್ದೆ. ನೀನು ಬಾಗಿಲಿಗೆ ಒರಗಿ ಗಿಟಾರಿನ ತಂತಿ ಬಿಗಿಯುತ್ತಿದ್ದೆ.

"ಅಕ್ಕ, ಸಾವಿಯೊನಿಗೆ ಹೂಂ ಹೇಳ್ತೇನೆ. ನೀನು ಎಂತ ಹೇಳ್ತೀ?"

ನಾನು ತಲೆ ಎತ್ತಲಿಲ್ಲ. "ಹೇಳು. ಮಮ್ಮಿಯ ಹರಕೆ ಮುರಿಯುವುದಾದ್ರೆ ಹೇಳು."

"ಯಾವ ಹರಕೆ?"

"ನಿನಗೆ ಗಂಟಲು ಹೋಗಿತ್ತಲ್ಲ. ಆಗ ಮಮ್ಮಿ ದೇವರಿಗೆ ಹೇಳಿದ್ದು ಬತ್ತಿ ಮಾತ್ರ ಅಲ್ಲ. ದನಿ ತಿರುಗಿ ಕೊಟ್ರೆ ಅದು ನಿನ್ನದೇ, ಇವ ಪೂಜೆಗೆ ಬಿಟ್ಟು ಬೇರೆಲ್ಲೂ ಹಾಡುದಿಲ್ಲ ಅಂತ. ನನಗೆ ಮಾತ್ರ ಹೇಳಿದ್ದು."

ತಂತಿಯ ಸದ್ದು ನಿಂತಿತು. "ಶಿಲುಬೆಯಾಣೆ?"

"ಹೂಂ," ಎಂದೆ.

ಮೀನಿನ ಕೈಯಲ್ಲೇ ಹೇಳಿದೆ, ಜೋಯಲ್. ಕೈ ತೊಳೆದುಕೊಳ್ಳುವಷ್ಟು ಹೊತ್ತೂ ಯೋಚಿಸಲಿಲ್ಲ.

ನೀನು ಪಪ್ಪನನ್ನು ಕೇಳಿದಾಗ ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಪಪ್ಪ ತಲೆ ಕೆರೆದುಕೊಂಡು, "ಇರಬಹುದು ಮಗಾ. ಅವಳ ಹರಕೆಯೆಲ್ಲ ನನಗೆ ಎಲ್ಲಿ ಗೊತ್ತು?" ಎಂದರು. ಪಾಪದ ಮನುಷ್ಯ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು, ಅಷ್ಟೇ. ನನ್ನ ಸುಳ್ಳಿಗೆ ಅವರೇ ಸಾಕ್ಷಿ ನಿಂತ ಹಾಗಾಯಿತು. ನೀನು ಫೋನಿನಲ್ಲಿ ಸಾವಿಯೊನಿಗೆ "ಖಲಾಸ್ ಬ್ರೋ, ನನ್ನನ್ನು ಬಿಡಿ" ಎಂದದ್ದು ಪಕ್ಕದ ಕೋಣೆಗೂ ಕೇಳಿಸಿತು. ನಾನು ಆ ದಿನದ ಮೀನಿಗೆ ಉಪ್ಪು ಹಾಕಲು ಮರೆತಿದ್ದೆ. ನೀನು ತಟ್ಟೆ ಖಾಲಿ ಮಾಡಿ ಎದ್ದೆ.

ನೀನು ದೊಡ್ಡ ಮಾತಾಡದೆ ಆ ಹರಕೆಯನ್ನು ಪಾಲಿಸಿದೆ. ಗಿಟಾರು ಶುಕ್ರವಾರ ಮಾತ್ರ ಹೊರಗೆ ಬರುತ್ತಿತ್ತು, ಕೀರ್ತನೆಗೆ. ನನ್ನ ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ಎಲ್ಲರೂ ಹಾಡುತ್ತ ನನ್ನ ತಲೆಗೆ ತೆಂಗಿನ ಹಾಲು ಹಚ್ಚಿದರು. ನಿನ್ನ ಸರದಿ ಬಂದಾಗ ದೊಡ್ಡಮ್ಮ, "ಓ ಜೋಯಲ್, ಒಬ್ಬಳೇ ಅಕ್ಕ ಅಲ್ವನಾ, ಒಂದು ಸಾಲು ಹಾಡು. ನಿನ್ನ ಗಂಟಲಿಗೆ ಕಸ್ಟಮ್ಸ್ ಉಂಟಾ?" ಎಂದು ಕೆಣಕಿದರು. ಎಲ್ಲರೂ ನಕ್ಕರು. ನೀನೂ ನಕ್ಕೆ. ಹಾಡದೆ, ಎರಡೂ ಕೈ ತುಂಬ ಹಾಲು ತೆಗೆದು ನನ್ನ ನೆತ್ತಿಗೆ ಮೆಲ್ಲಗೆ ಒತ್ತಿ, ಕಿವಿಯಲ್ಲಿ "ಸಾರಿ ಅಕ್ಕ" ಎಂದೆ.

ನೀನು ನನ್ನಲ್ಲಿ ಕ್ಷಮೆ ಕೇಳಿದೆ. ಆಗಲೇ ಹೇಳಬೇಕಿತ್ತು. ಹಾಲು ಕಣ್ಣಿಗೆ ಇಳಿಯುತ್ತಿತ್ತು, ನಾನು ಅಳುತ್ತಿದ್ದೇನೋ ಇಲ್ಲವೋ ಯಾರಿಗೂ ತಿಳಿಯುವಂತಿರಲಿಲ್ಲ — ಆ ಅನುಕೂಲದಲ್ಲಿ ಸುಮ್ಮನಿದ್ದುಬಿಟ್ಟೆ.

ಪ್ರತಿ ಈಸ್ಟರಿಗೆ ಮೊದಲು ಪಾಪನಿವೇದನೆಗೆ ಹೋಗುತ್ತೇನೆ. ಕೋಪ ಮಾಡಿದೆ, ನೆರೆಯವಳ ಬಗ್ಗೆ ಆಡಿಕೊಂಡೆ, ಉಪವಾಸ ತಪ್ಪಿಸಿದೆ — ಇಂಥವನ್ನೆಲ್ಲ ಹುಡುಕಿ ಹುಡುಕಿ ಹೇಳಿ, ಇದೊಂದರ ಹತ್ತಿರ ಬಂದಾಗ 'ಮತ್ತೆ ನೆನಪಿಲ್ಲದ ಪಾಪಗಳು' ಎನ್ನುತ್ತೇನೆ. ಪಪ್ಪನೂ ಹೋದ ಮೇಲೆ, ಇನ್ನು ಇದನ್ನು ಸುಳ್ಳೆನ್ನಬಲ್ಲವರು ಯಾರೂ ಇಲ್ಲ ಎಂದು ಒಂದು ಕ್ಷಣ ಹಗುರವೆನಿಸಿತ್ತು. ಪಪ್ಪನ ಶವದ ಪಕ್ಕ ಕೂತು ಹಾಗೆ ಅನಿಸಿತ್ತು. ಅದನ್ನೂ ಬರೆದುಬಿಡುತ್ತೇನೆ.

ಇನ್ನೂ ಸುಮ್ಮನೇ ಇರುತ್ತಿದ್ದೆನೋ ಏನೋ. ಆದರೆ ಕಳೆದ ಶನಿವಾರ ನಾನು ಅಲ್ ರಯ್ಯಾನ್‌ಗೆ, ನಿನ್ನ ಮನೆಗೆ ಬಂದಿದ್ದೆ. ನಿನ್ನ ಮಗಳು ಆನಿ ಟಾನ್ಸಿಲ್ ತೆಗೆಸಿಕೊಂಡು ಸೋಫಾದ ಮೇಲೆ ಐಸ್‌ಕ್ರೀಮು ತಿನ್ನುತ್ತಿದ್ದಳು. ಒಡೆದ ದನಿಯಲ್ಲಿ ಮೆಸಯೀದ್ ಬಸ್ಸಿನ ಹಾಡು ಗುನುಗುತ್ತಿದ್ದಳು. ನೀನು ಬೆಚ್ಚಿಬಿದ್ದೆ. ಎಲ್ಲಿಂದ ಕಲಿತಳೆಂದು ಕೇಳಿದರೆ ನನ್ನ ಕಡೆ ಬೆರಳು ತೋರಿಸಿದಳು. ಹೌದು, ನಾನೇ. ಅವಳಿಗೆ ಜಡೆ ಹಾಕುವಾಗ ಅದು ತಾನಾಗಿ ಬಾಯಿಗೆ ಬರುತ್ತದೆ. ನಿನ್ನಿಂದ ಕಸಿದುಕೊಂಡದ್ದನ್ನು ನಾನು ಇಷ್ಟು ವರ್ಷ ಒಳಗೆ ಹಾಡಿಕೊಂಡಿದ್ದೆ.

ಅವಳು ಹಾಡಿದಳು, ಸರಿಯಾದ ಜಾಗದಲ್ಲಿ ದನಿ ಮುರಿದಳು. ಅವಳಲ್ಲೂ ಆ ಧೂಳು ಇದೆ. ನೀನು ಅಡುಗೆಮನೆಗೆ ಬಂದು ಮೆಲ್ಲನೆ ಹೇಳಿದೆ:

"ಅಕ್ಕ, ಶುಕ್ರವಾರ ಗಂಟಲಿನ ಆಶೀರ್ವಾದ ಉಂಟು. ಇವಳಿಗೂ ಮಮ್ಮಿ ಹೊತ್ತ ಹಾಗೇ ಹರಕೆ ಹೊರ್ತೇನೆ. ದನಿ ಸರಿ ಆದ್ರೆ ದೇವರಿಗೇ. ನನ್ನನ್ನು ಕಾಪಾಡಿದ್ದು ಅದೇ ಅಲ್ವಾ?"

ನಾನು ತೊಳೆಯುತ್ತಿದ್ದ ಲೋಟ ತೊಳೆಯುತ್ತಲೇ ಇದ್ದೆ.

ಕಾಪಾಡಿದ್ದಲ್ಲ, ಜೋಯಲ್. ನಿನ್ನ ನಂಬಿಕೆ ನಿಜವಾದದ್ದು, ಅದನ್ನು ನಾನು ಮುಟ್ಟುವುದಿಲ್ಲ. ನೀನು ದೇವರಿಗೆ ಕೊಟ್ಟದ್ದು ದೇವರಿಗೆ ಸೇರಿರಬಹುದು. ಆದರೆ ಕೇಳಿದವನು ಅವನಲ್ಲ. ನಾನು ಅವನ ಹೆಸರಿನಲ್ಲಿ, ಸತ್ತ ತಾಯಿಯ ಬಾಯಿಂದ ಕೇಳಿದೆ. ನಿನ್ನ ಆ ವರ್ಷಗಳು — ಅವನ್ನು ಹಿಂದೆ ಕೊಡಲು ನನ್ನಲ್ಲಿ ಏನೂ ಇಲ್ಲ. ಸಾವಿಯೊ ಎಲ್ಲಿದ್ದಾನೋ, ಆ ಶಿಪ್ಪು ಯಾವ ಕಡಲಿನಲ್ಲಿದೆಯೋ. ನೀನು ಮತ್ತೆ ಹಾಡು ಎಂದು ನಾನು ಕೇಳುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ರೋಸಿನ ದಿನ ನೀನು ನನ್ನಲ್ಲಿ ಕೇಳಿದ್ದೀ, ಆ ಮಾತು ನನ್ನ ಬಾಯಿಗೆ ಬರುವುದಿಲ್ಲ.

ಶುಕ್ರವಾರ ನೀನು ಕಾರು ನಿಲ್ಲಿಸುವ ಜಾಗದಲ್ಲಿ ನಾನು ಕಾಯುತ್ತಿರುತ್ತೇನೆ, ನೀವು ಒಳಗೆ ಹೋಗುವ ಮೊದಲು. ಆನಿ ತನ್ನ ತಾಯಿ ಶೈಲಾಳ ಜೊತೆ ಮುಂದೆ ಹೋಗಲಿ. ಈ ಹಾಳೆಗಳು ನನ್ನ ಕೈಯಲ್ಲಿರುತ್ತವೆ, ಆದರೆ ನಿನ್ನಿಂದ ಅಕ್ಷರ ಕೂಡಿಸಿ ಓದಿಸುವುದಿಲ್ಲ. ನಾನೇ ಓದುತ್ತೇನೆ. ಅಳು ಬಂದರೆ ಅತ್ತುಕೊಂಡೇ ಓದುತ್ತೇನೆ, ನೀನು ಸಮಾಧಾನ ಮಾಡಬೇಡ.

ಆವತ್ತು ನೀನು ಕೊನೆಗೆ 'ಶಿಲುಬೆಯಾಣೆ?' ಎಂದು ಕೇಳಿದ್ದೆ, ಬಾಗಿಲಿಗೆ ಒರಗಿ, ಬೆರಳು ತಂತಿಯ ಮೇಲೆ ಇಟ್ಟುಕೊಂಡು. ಈ ಸಲ ಕೈ ತೊಳೆದುಕೊಂಡು ಬಂದು ಉತ್ತರ ಹೇಳುತ್ತೇನೆ.

ಇಲ್ಲ, ಜೋಯಲ್. ಮಮ್ಮಿ ಹಾಗೆ ಹೇಳಿರಲಿಲ್ಲ.