ಬೆಸುಗೆ ಹಾಕಿದ ರೂಪಾಯಿ

ಹುಣಸೆಹಣ್ಣು ಹಾಕಿ ಬೆಳ್ಳಿ ಉಜ್ಜುವಾಗ ಏಳುವ ಹುಳಿವಾಸನೆ ನನಗೆ ಆಗಿಬರುವುದಿಲ್ಲ. ಮೊನ್ನೆ ಸೊಸೆ ನನ್ನ ಹಳೇ ಪೆಟ್ಟಿಗೆ ತೆಗೆದು, ಕಾಲುಂಗುರ, ಉಡಿದಾರ ಎಲ್ಲ ಹಿತ್ತಿಲಲ್ಲಿ ಹರಡಿಕೊಂಡು ಉಜ್ಜುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚನ್ನಪಟ್ಟಣದ ನಮ್ಮ ಪಕ್ಕದ ಮನೆ ಶೆಟ್ಟರು ಕಣ್ಣ ಮುಂದೆ ಬಂದು ಕೂತರು. ಅವರ ಬೆರಳಿಗೆ ಸದಾ ಇದೇ ವಾಸನೆ.

ಶೆಟ್ಟರದ್ದು ಬೆಲ್ಲ, ಎಣ್ಣೆಯ ಅಂಗಡಿ. ಹೆಸರಾಗಿದ್ದು ಮಾತ್ರ ಅವರ ಕಿವಿ. ರಾಣಿ ಮುಖದ ಬೆಳ್ಳಿ ರೂಪಾಯಿ ಇನ್ನೂ ಓಡಾಡುತ್ತಿದ್ದ ಕಾಲ. ಸೀಸ, ತವರ ಬೆರೆಸಿ ಎರಕ ಹೊಯ್ದ ಖೋಟಾ ರೂಪಾಯಿಯ ಕಾಟ ಬೇರೆ. ಅನುಮಾನ ಬಂದವರೆಲ್ಲ ಶೆಟ್ಟರ ಹತ್ತಿರ ತರುತ್ತಿದ್ದರು. ಅವರು ಹುಣಸೆಹಣ್ಣಿನಲ್ಲಿ ಕೊಳೆ ತೆಗೆದು, ಅಂಚಿನ ಗೀರುಗಳ ಮೇಲೆ ಉಗುರಾಡಿಸಿ, ಕೊನೆಗೆ ಹೆಬ್ಬೆರಳಿನಿಂದ ಚಿಮ್ಮಿ ಕಲ್ಲಿನ ಮೇಲೆ ಬೀಳಿಸುವರು. ಅಸಲಿಯಾದರೆ ಠಣ್ಣೆಂದು ನಾದ ಎಳೆದುಕೊಂಡು ಹೋಗುತ್ತಿತ್ತು. ಖೋಟಾ ಆದರೆ ಠಪ್ಪೆಂದು ಬಿದ್ದು ಸುಮ್ಮನಾಗುತ್ತಿತ್ತು. ಅಂಥದ್ದನ್ನು, ಇನ್ನೊಬ್ಬರು ಮೋಸಹೋಗದಿರಲಿ ಎಂದು, ಉಳಿಯಿಂದ ಎರಡು ಹೋಳು ಮಾಡಿಬಿಡುವರು. ಆ ಕಿವಿಯ ಬಗ್ಗೆ ಅವರಿಗೆ ಜಂಬವೂ ಒಂದಿಷ್ಟು ಜಾಸ್ತಿಯೇ ಇತ್ತು.

ನನಗೆ ಬೈರಾಪಟ್ಟಣದ ಗಂಡು ಗೊತ್ತು ಮಾಡಿದರು. ತಂದೆಯಿಲ್ಲದ ಹುಡುಗ... ಕೆಂಗಲ್ ಹನುಮಂತರಾಯನ ಗುಡಿಯಲ್ಲಿ ಒಮ್ಮೆ ದೂರದಿಂದ ನೋಡಿದ್ದೆ, ತಾಯಿಯ ಕೈಹಿಡಿದು ನಡೆಸಿಕೊಂಡು ಬರುತ್ತಿದ್ದ. ನನಗೆ ಹಿಡಿಸಿದ್ದ ಅಂತ ಈ ವಯಸ್ಸಿನಲ್ಲಿ ಹೇಳಲು ನಾಚಿಕೆ ಏನು! ಆಗ ನಮ್ಮಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಡಬೇಕಿತ್ತು. ವೀಳ್ಯದ ದಿನ ಅವನ ತಾಯಿ ಸೆರಗಿನ ಗಂಟು ಬಿಚ್ಚಿ ಹನ್ನೆರಡು ರೂಪಾಯಿ ತಟ್ಟೆಗೆ ಸುರಿದರು. ಪರೀಕ್ಷೆಗೆ ಅಪ್ಪ ಶೆಟ್ಟರನ್ನು ಕರೆಸಿದ್ದರು.

ಹನ್ನೊಂದೂ ಚೆನ್ನಾಗಿ ನಾದ ಕೊಟ್ಟವು. ಕೊನೆಯದು ಠಪ್ಪೆಂದಿತು.

"ಖೋಟಾ," ಅಂದರು ಶೆಟ್ಟರು.

"ನನ್ ರೂಪಾಯಿ ಖೋಟಾ ಅಲ್ಲ ಕಣಣ್ಣ," ಅಂದರು ಆ ತಾಯಿ. ಯಾರೋ ತಕ್ಕಡಿ ತರಿಸೋಣ ಅಂದರು. "ನನ್ ಕಿವಿಗಿಂತ್ಲೂ ತಕ್ಕಡಿನಾ?" ಎಂದು ಶೆಟ್ಟರು ಉಳಿ ಇಟ್ಟು ಒಂದೇಟು ಹೊಡೆದೇಬಿಟ್ಟರು.

ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಹೋಳು ಕಾಣಿಸಿತು. ಸೀಸದ ಮಸುಕೇ ಇಲ್ಲ, ಒಳಗೆಲ್ಲ ಬೆಳ್ಳಗೆ, ಒಡೆದ ಕೊಬ್ಬರಿಯ ಹಾಗೆ... ಶೆಟ್ಟರೂ ನೋಡಿದರು. ತಲೆ ಎತ್ತಿದಾಗ, ನಾನು ನೋಡಿದ್ದನ್ನೂ ನೋಡಿದರು. ಮರುಗಳಿಗೆ ಎರಡೂ ಹೋಳನ್ನು ಮುಷ್ಟಿಯಲ್ಲಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಪ್ಪ ತಟ್ಟೆಯನ್ನು ಹಿಂದಕ್ಕೆ ತಳ್ಳಿದರು. ಸಂಬಂಧ ಅಲ್ಲಿಗೆ ಮುರಿಯಿತು. ಮದುವೆ ಹೆಣ್ಣು ಗಂಡಸರ ನಡುವೆ ಬಾಯಿ ಹಾಕುವ ಕಾಲವಲ್ಲ ಅದು. ಹಾಗಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ.

ಆ ತಾಯಿಗೆ ಖೋಟಾ ರೂಪಾಯಮ್ಮ ಎಂಬ ಹೆಸರು ಅಂಟಿಕೊಂಡಿತು. ಸಂತೆಯಲ್ಲಿ ಅವರು ಕೊಟ್ಟ ದುಡ್ಡನ್ನು ಎರಡೆರಡು ಸಲ ಬೀಳಿಸಿ ನೋಡುತ್ತಿದ್ದರಂತೆ. ಮಗನಿಗೆ ಹೆಣ್ಣು ಕೊಡುವವರಿಲ್ಲದೆ ಕನಕಪುರದ ಕಡೆ ಹೊರಟುಹೋದರಂತೆ... ಮುಂದಿನದು ತಿಳಿಯಲಿಲ್ಲ. ನನ್ನನ್ನು ಅಕ್ಕೂರಿಗೆ ಕೊಟ್ಟರು.

ಶೆಟ್ಟರು ರೂಪಾಯಿ ಪರೀಕ್ಷೆ ಬಿಟ್ಟುಬಿಟ್ಟರು. ಕಿವಿ ಮಂದವಾಯಿತು ಅಂದರು, ಊರೆಲ್ಲ ಅಯ್ಯೋ ಪಾಪ ಅಂದಿತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದ ನಾನು ಅವರ ಬೆನ್ನ ಹಿಂದೆ ಹಾದುಹೋದರೆ, ಕಾಲುಂಗುರದ ಸದ್ದಿಗೇ ತಿರುಗಿ ನೋಡಿದರು. ಒಳಗಿಂದ ಬಟ್ಟೆಯ ಗಂಟೊಂದು ತಂದು ನನ್ನ ಕೈಗಿಟ್ಟರು. ಬಿಚ್ಚಿದರೆ ಅವೇ ಎರಡು ಹೋಳು.

"ಅಂಚಲ್ಲಿ ಬೆಸುಗೆ ಗುರುತು ಐತೆ ನೋಡವ್ವ. ಕೊರಳ ಸರದಿಂದ ಕಿತ್ತು, ಕೊಂಡಿ ತೆಗ್ದು ತಂದವ್ರೆ. ಬೆಸುಗೆ ಬಿದ್ರೆ ನಾದ ಸತ್ತೋಯ್ತದೆ. ಸರ ಕಿತ್ತು ತೆರ ತಂದೆ ಅಂತ ಬೀಗರ ಮುಂದೆ ಆಯಮ್ಮ ಹೆಂಗ್ ಹೇಳಾರು? ಜನ ಸೇರವ್ರೆ ಅನ್ನೋ ಜಂಬದಾಗೆ ನಾನು ಅಂಚು ಮುಟ್ಟಿ ನೋಡ್ಲೇ ಇಲ್ಲ. ಮೂರ್ ಸಲ ಬೈರಾಪಟ್ಟಣದ ದಾರಿ ಹಿಡ್ದೆ, ಅರ್ಧಕ್ಕೇ ವಾಪಸ್ ಬಂದ್ಬುಟ್ಟೆ."

ಬೈಯಬೇಕು ಅನ್ನಿಸಿತು. ಬೈಯಲು ನನಗೆಲ್ಲಿ ಮುಖವಿತ್ತು... ಆಮೇಲೆ ಬಹಳ ವರ್ಷ ಅವರು ಬದುಕಲಿಲ್ಲ. ಹೋಳುಗಳು ನನ್ನ ಪೆಟ್ಟಿಗೆಯ ತಳ ಸೇರಿದವು. ಕನಕಪುರದ ಕಡೆ ನಾನೂ ವಿಚಾರಿಸಲಿಲ್ಲ.

ಮೊನ್ನೆ ಸೊಸೆ ಅವನ್ನೂ ಉಜ್ಜಿ ಥಳಥಳ ಮಾಡಿಟ್ಟಿದ್ದಳು. "ಯಾಕತ್ತೆ ಕತ್ತರಿಸವ್ರೆ? ಖೋಟಾನಾ?" ಅಂದಳು.

"ಅಲ್ಲ ಕಣವ್ವ, ಅಪ್ಪಟ ಬೆಳ್ಳಿ," ಅಂದೆ.

ಎಷ್ಟು ಸಲೀಸಾಗಿ ಬಂತು ಮಾತು! ಅವತ್ತು ಬಾಗಿಲ ಸಂದಿಯಿಂದ ಇಷ್ಟನ್ನೇ ಹೇಳಬೇಕಿತ್ತು.